ಹೊಸ ಅಕ್ವೇರಿಯಂ ಮತ್ತು ಅಮೋನಿಯಾ

ಸಿಹಿನೀರಿನ ಮೀನಿನ ತೊಟ್ಟಿಯನ್ನು ಹೊಸದಾಗಿ ತುಂಬಿಸಿ ಮೀನು ಬಿಟ್ಟ ಮೊದಲ ನಾಲ್ಕರಿಂದ ಆರು ವಾರಗಳಲ್ಲಿ ನೀರಿನ ಅಮೋನಿಯಾ, ಅದರ ಬೆನ್ನಿಗೇ ನೈಟ್ರೈಟ್, ಮೀನುಗಳು ತಾಳಲಾರದ ಮಟ್ಟಕ್ಕೆ ಏರುತ್ತವೆ. ಹೊಸಬರು ಸಾಕಿದ ಮೀನುಗಳು ಸಾಯುವುದಕ್ಕೆ ಇದು ಬಲು ಸಾಮಾನ್ಯವಾದ ಕಾರಣ. ಗುರುತು ಹಿಡಿಯಲು ಕಷ್ಟವಾದ ಕಾರಣವೂ ಹೌದು. ನೀರು ತಿಳಿಯಾಗಿರುತ್ತದೆ, ಗಾಜಿನ ಮೇಲೆ ಪಾಚಿ ಇರುವುದಿಲ್ಲ, ಮೂಗಿಗೆ ಯಾವ ವಾಸನೆಯೂ ಬಡಿಯುವುದಿಲ್ಲ. ಆದರೂ ಮೀನುಗಳು ಒಂದೊಂದಾಗಿ ತಳ ಸೇರುತ್ತವೆ. ರೋಗದ ಮೀನು ಕೊಟ್ಟರೆಂದು ಅಂಗಡಿಯವರನ್ನು ದೂರುವುದು, ಸಿಕ್ಕ ಔಷಧಿಯನ್ನೆಲ್ಲ ಸುರಿಯುವುದು ಆಮೇಲಿನ ಕತೆ. ವಾಸ್ತವದಲ್ಲಿ ಅಮೋನಿಯಾ ಎಲ್ಲ ತೊಟ್ಟಿಗಳಲ್ಲೂ ದಿನದಿನವೂ ಹುಟ್ಟುತ್ತದೆ. ವರ್ಷಗಟ್ಟಲೆ ನಡೆದುಬಂದ ತೊಟ್ಟಿ ಅದನ್ನು ಹುಟ್ಟಿದಷ್ಟೇ ಬೇಗ ಖರ್ಚು ಮಾಡುತ್ತದೆ. ಹೊಸ ತೊಟ್ಟಿಗೆ ಆ ಶಕ್ತಿ ಇನ್ನೂ ಕೂಡಿರುವುದಿಲ್ಲ. ಆದ್ದರಿಂದ ಈ ತೊಂದರೆಯನ್ನು ಜಮಾ-ಖರ್ಚಿನ ಲೆಕ್ಕವಾಗಿ ನೋಡಬೇಕು ಎಂಬುದು ಈ ಲೇಖನದ ವಾದ. ಯಾವುದೇ ಪರಿಹಾರವನ್ನು ಮೂರು ಪ್ರಶ್ನೆ ಕೇಳಿ ಅಳೆಯಬಹುದು: ಅದು ಜಮೆಯನ್ನು ತಗ್ಗಿಸುತ್ತದೆಯೇ, ಖರ್ಚಿನ ಶಕ್ತಿಯನ್ನು ಹೆಚ್ಚಿಸುತ್ತದೆಯೇ, ಅಥವಾ ನಡುವಿನ ವಾರಗಳಲ್ಲಿ ಮೀನಿನ ಜೀವ ಉಳಿಸುತ್ತದೆಯೇ? ಮೂರರಲ್ಲಿ ಒಂದನ್ನೂ ಮಾಡದ ಬಾಟಲಿಗೆ ಹಣ ಕೊಡಬೇಕಾಗಿಲ್ಲ.

ಮೊದಲು ಜಮೆಯನ್ನು ನೋಡೋಣ. ಮನುಷ್ಯನೂ ಸೇರಿದಂತೆ ಸಸ್ತನಿಗಳು ಪ್ರೋಟೀನಿನಿಂದ ಉಳಿಯುವ ನೈಟ್ರೋಜನ್ ಕಸವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತವೆ, ಹಕ್ಕಿಗಳು ಯೂರಿಕ್ ಆಮ್ಲ ಮಾಡುತ್ತವೆ. ಈ ಮಾರ್ಪಾಟಿಗೆ ದೇಹ ಶಕ್ತಿ ವ್ಯಯಿಸಬೇಕು. ಸುತ್ತ ನೀರೇ ಇರುವ ಮೀನಿಗೆ ಆ ಶ್ರಮ ಬೇಡ. ಅದು ಅಮೋನಿಯಾವನ್ನು ಬಹುಪಾಲು ಕಿವಿರುಗಳ ಮೂಲಕ ನೇರವಾಗಿ ನೀರಿಗೆ ಬಿಡುತ್ತದೆ. ಹಾಗಾಗಿ ತಳದ ಹಿಕ್ಕೆಯನ್ನು ಪೈಪಿನಿಂದ ಹೀರಿ ತೆಗೆದರೂ ಅಮೋನಿಯಾದ ಮುಖ್ಯ ಮೂಲ ಮುಚ್ಚುವುದಿಲ್ಲ, ಏಕೆಂದರೆ ಮೀನಿನ ಉಸಿರಾಟದ ಜಾಗವೇ ಅದರ ಮೂಲ. ಎಷ್ಟು ಹುಟ್ಟುತ್ತದೆ ಎಂಬುದನ್ನು ಹಾಕಿದ ಆಹಾರದಿಂದ ಅಂದಾಜು ಮಾಡಬಹುದು. ಮೀನುಸಾಕಣೆಯ ಎಂಜಿನಿಯರುಗಳು ಬಳಸುವ ಸೂತ್ರ ಸರಳವಾಗಿದೆ: ಆಹಾರದ ತೂಕವನ್ನು ಅದರಲ್ಲಿನ ಪ್ರೋಟೀನಿನ ಪಾಲಿನಿಂದಲೂ 0.092ರಿಂದಲೂ ಗುಣಿಸಿದರೆ ನೀರಿಗೆ ಸೇರುವ ಅಮೋನಿಯಾ-ನೈಟ್ರೋಜನ್ ಸಿಗುತ್ತದೆ. ಶೇ. 40 ಪ್ರೋಟೀನ್ ಇರುವ 1 ಗ್ರಾಂ ಆಹಾರದಿಂದ ಸುಮಾರು 37 ಮಿಲಿಗ್ರಾಂ. 50 ಲೀಟರ್ ನೀರಿನಲ್ಲಿ ಅದು ಲೀಟರಿಗೆ 0.74 ಮಿಲಿಗ್ರಾಂ ಆಗುತ್ತದೆ; ದಿನವೂ ಇಷ್ಟೇ ಹಾಕುತ್ತ ಹೋದರೆ, ಖರ್ಚು ಮಾಡುವವರಿಲ್ಲದಿದ್ದಾಗ ನಾಲ್ಕೇ ದಿನದಲ್ಲಿ ಸುಮಾರು 3 ಮಿಲಿಗ್ರಾಂ ಮುಟ್ಟುತ್ತದೆ. ತಿನ್ನದೆ ಉಳಿದು ಕಲ್ಲುಗಳ ಸಂದಿಯಲ್ಲಿ ಕೊಳೆತ ಆಹಾರ ಇನ್ನೂ ಕೆಟ್ಟದ್ದು. ಅದರ ಪ್ರೋಟೀನಿನಲ್ಲಿ ಮೀನಿನ ಮೈಗೆ ಸೇರುವ ಪಾಲು ಏನೂ ಇಲ್ಲ, ಬಹುಮಟ್ಟಿಗೆ ಎಲ್ಲವೂ ಅಮೋನಿಯಾ ಆಗುತ್ತದೆ. ಹೊಸ ಮೀನು ಬಂದ ಮನೆಯಲ್ಲಿ ಕಂಡವರೆಲ್ಲ ಒಂದೊಂದು ಚಿಟಿಕೆ ಉದುರಿಸುತ್ತಾರೆ. ತೊಟ್ಟಿ ಬಲು ದುರ್ಬಲವಾಗಿರುವ ವಾರದಲ್ಲೇ ಜಮೆ ಬಲು ಹೆಚ್ಚಾಗಿರುವುದಕ್ಕೆ ಈ ಪ್ರೀತಿಯೇ ಕಾರಣ.

ಹುಟ್ಟಿದ ಅಮೋನಿಯಾ ಎಷ್ಟು ಕೊಲ್ಲುತ್ತದೆ ಎಂಬುದು ಅದರ ಪ್ರಮಾಣವೊಂದರಿಂದಲೇ ತೀರ್ಮಾನವಾಗುವುದಿಲ್ಲ. ನೀರಿನಲ್ಲಿ ಅದು ಎರಡು ರೂಪಗಳಲ್ಲಿ ಇರುತ್ತದೆ. ವಿದ್ಯುದಂಶವಿಲ್ಲದ ಅಮೋನಿಯಾ ಕಿವಿರಿನ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಂದು ಹೈಡ್ರೋಜನ್ ಅಯಾನನ್ನು ಕೂಡಿಸಿಕೊಂಡ ಅಮೋನಿಯಂ ಅಷ್ಟು ಸುಲಭವಾಗಿ ದಾಟಲಾರದು. ಹೆಚ್ಚು ವಿಷಕಾರಿಯಾದದ್ದು ಮೊದಲನೆಯದು. ಇವೆರಡರ ಪಾಲನ್ನು ಮುಖ್ಯವಾಗಿ ನೀರಿನ ಪಿಎಚ್, ಅದರ ನಂತರ ತಾಪಮಾನ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಶೇ. 0.6ನ್ನೂ ಮುಟ್ಟುವುದಿಲ್ಲ, ಪಿಎಚ್ 8 ಆದರೆ ಶೇ. 5 ದಾಟುತ್ತದೆ; 8.5 ಆದರೆ ಶೇ. 15. ಯುರೋಪಿನ ಒಳನಾಡು ಮೀನುಗಾರಿಕಾ ಸಲಹಾ ಆಯೋಗ 1970ರ ದಶಕದ ಆರಂಭದಲ್ಲಿ ಮೀನುಗಳಿಗಾಗಿ ಗೊತ್ತುಮಾಡಿದ ಮಿತಿ ಲೀಟರಿಗೆ 0.025 ಮಿಲಿಗ್ರಾಂ ವಿಷರೂಪದ ಅಮೋನಿಯಾ. ಪರೀಕ್ಷಾ ಕಿಟ್ ಒಟ್ಟು 1 ಮಿಲಿಗ್ರಾಂ ತೋರಿಸಿದಾಗ ಪಿಎಚ್ 6.5ರ ನೀರು ಈ ಮಿತಿಯ ಹತ್ತರಲ್ಲಿ ಒಂದು ಭಾಗಕ್ಕೂ ಕೆಳಗಿರುತ್ತದೆ, ಪಿಎಚ್ 8.5ರ ನೀರು ಮಿತಿಯ ಆರು ಪಟ್ಟು ಮೇಲಿರುತ್ತದೆ. ಅಕ್ವೇರಿಯಂ ಕುರಿತ ಸಲಹೆಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಅರ್ಧ ಕಾರಣ ಇದೇ. ಕರ್ನಾಟಕದೊಳಗೇ ಈ ವ್ಯತ್ಯಾಸವನ್ನು ಕಾಣಬಹುದು. ಕರಾವಳಿಯ ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೊಳವೆ ಬಾವಿಯ ನೀರು ಗಡಸು, ಕ್ಷಾರೀಯ. ಉಡುಪಿಯ ತೊಟ್ಟಿಯಲ್ಲಿ ಮೀನು ತಡೆದುಕೊಂಡ ಅಂಕಿಯನ್ನು ನಂಬಿ ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ ನಿಶ್ಚಿಂತೆಯಾಗಿ ಕೂತರೆ ಮೀನುಗಳು ಉಳಿಯುವುದಿಲ್ಲ. ಅಮೋನಿಯಾದ ಅಂಕಿಯನ್ನು ಪಿಎಚ್ ಇಲ್ಲದೆ ಓದುವುದು ಅರ್ಧ ಓದು.

ಮೈಯೊಳಗೆ ನಡೆಯುವುದನ್ನು ತಿಳಿದರೆ ಲಕ್ಷಣಗಳು ಅರ್ಥವಾಗುತ್ತವೆ. ಹೊರಗಿನ ನೀರಿನಲ್ಲಿ ಅಮೋನಿಯಾ ಹೆಚ್ಚಾದರೆ ಮೀನು ತನ್ನದನ್ನು ಹೊರಗೆ ಬಿಡಲಾರದೆ ಹೋಗುತ್ತದೆ, ಅದು ರಕ್ತದಲ್ಲಿ ಕೂಡುತ್ತದೆ, ಮಿದುಳಿನ ಕೆಲಸವನ್ನು ಕೆಡಿಸುತ್ತದೆ. ಕಿವಿರಿನ ತೆಳು ಪೊರೆ ಊದಿ ದಪ್ಪವಾಗುವುದರಿಂದ ಆಮ್ಲಜನಕ ಒಳಸೇರುವುದೂ ಕಷ್ಟ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ, ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಳ್ಳುತ್ತದೆ, ತಿನ್ನುವುದನ್ನು ಬಿಡುತ್ತದೆ, ಕಿವಿರುಗಳು ಕೆಂಪೇರುತ್ತವೆ, ಕೊನೆಯಲ್ಲಿ ಸೆಳೆತ ಬರುತ್ತದೆ. ಬದುಕಿ ಉಳಿದ ಮೀನು ಕೂಡ ದುರ್ಬಲವಾಗುವುದರಿಂದ ವಾರಗಳ ನಂತರ ರೋಗಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಕೆಲವು ಮೀನು ಸತ್ತರೆ ಸಾಯಲಿ, ಗಟ್ಟಿಯಾದವು ಉಳಿಯುತ್ತವೆ ಎಂದು ಹೇಳುವವರು ಈ ಯಾತನೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ತಪ್ಪಿಸಬಹುದಾದ ನೋವು ಇದು. ತಪ್ಪಿಸುವ ದಾರಿ ಗೊತ್ತಾಗಿ ನೂರು ವರ್ಷಕ್ಕೂ ಮೇಲಾಗಿದೆ.

ಆ ದಾರಿಯ ಸುಳಿವು ಸಿಕ್ಕಿದ್ದು ಮೀನಿನ ತೊಟ್ಟಿಯಲ್ಲಲ್ಲ, ಚರಂಡಿ ನೀರಿನಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿಜ್ಞಾನಿಗಳು ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹಾಯಿಸಿದರು. ಸುಮಾರು 20 ದಿನಗಳವರೆಗೆ ಮೇಲಿನಿಂದ ಹೋದ ಅಮೋನಿಯಾ ಕೆಳಗೆ ಅಮೋನಿಯಾವಾಗಿಯೇ ಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡು, ದಿನದಿನಕ್ಕೆ ಹೆಚ್ಚಿ, ಅಮೋನಿಯಾ ಮಾಯವಾಯಿತು. ಮರಳಿನ ರಾಸಾಯನಿಕ ಗುಣದಿಂದ ಇದು ನಡೆದಿದ್ದರೆ ಮೊದಲ ದಿನವೇ ನಡೆಯಬೇಕಿತ್ತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಕೆಲಸ ನಿಂತಿತು. ಆವಿಯನ್ನು ಹೊರಹಾಕಿ ತುಸು ಮಣ್ಣು ಕದಡಿದ ನೀರನ್ನು ಸೇರಿಸಿದ ಮೇಲೆ ಮತ್ತೆ ಶುರುವಾಯಿತು. ಅಂದರೆ ಕೆಲಸ ಮಾಡುತ್ತಿದ್ದುದು ಜೀವಿಗಳು. ಹೊಸ ಅಕ್ವೇರಿಯಂನ ಇಡೀ ಚರಿತ್ರೆ ಆ ಕೊಳವೆಯಲ್ಲಿ ಅಡಕವಾಗಿದೆ: ಕಾಯಬೇಕಾದ ವಾರಗಳು, ಜೀವಿಗಳನ್ನು ಕೊಲ್ಲಬಲ್ಲ ರಾಸಾಯನಿಕ, ಹೊರಗಿನಿಂದ ತಂದು ಹಾಕಿದ ಬೀಜದ ಶಕ್ತಿ. ಇಲ್ಲಿ ಒಂದು ಕುಟುಂಬದ ಮಾತನ್ನೂ ಹೇಳಬೇಕು. ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಗಾಜಿನ ಪಾತ್ರೆಯೊಂದರಲ್ಲಿ ಕೂಡಿಸಿ, ಅವು ಪರಸ್ಪರ ಆಧಾರವಾಗಿ ಬಾಳುವುದನ್ನು 1850ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ವಿವರಿಸಿದವರು ರಾಬರ್ಟ್ ವಾರಿಂಗ್ಟನ್. ಸಮತೋಲನದ ಅಕ್ವೇರಿಯಂ ಎಂಬ ಕಲ್ಪನೆ ಅಲ್ಲಿಂದ ಬೆಳೆಯಿತು. ಗಿಡ ಕೊಡುವ ಆಮ್ಲಜನಕವನ್ನು ಅವರು ಕಂಡರು, ಅಮೋನಿಯಾವನ್ನು ತಿನ್ನುವವರನ್ನು ಕಾಣಲಿಲ್ಲ. ಅದೇ ಹೆಸರಿನ ಅವರ ಮಗ ರೋಥಮ್‌ಸ್ಟೆಡ್‌ನ ಕೃಷಿ ಪ್ರಯೋಗಾಲಯದಲ್ಲಿ ದುಡಿದು, ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಅದು ಇನ್ನೊಂದು ಹಂತದಲ್ಲಿ ನೈಟ್ರೇಟ್ ಆಗುವುದನ್ನು ತೋರಿಸಿದರು. 1890ರಲ್ಲಿ ಜ್ಯೂರಿಕ್‌ನಲ್ಲಿ ಸೆರ್ಗೈ ವಿನೊಗ್ರಾಡ್‌ಸ್ಕಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಸಿದರು.

ನೈಟ್ರೊಸೊಮೊನಾಸ್ ಅಮೋನಿಯಾವನ್ನು, ನೈಟ್ರೊಬ್ಯಾಕ್ಟರ್ ನೈಟ್ರೈಟನ್ನು ತಿನ್ನುತ್ತದೆ ಎಂಬ ಜೋಡಿ ಆ ಕಾಲದಿಂದ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಅಕ್ವೇರಿಯಂಗಳು ಈ ಚಿತ್ರವನ್ನು ತಿದ್ದಿವೆ. ತಿಮೊತಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ಡಿಎನ್‌ಎ ಆಧಾರದಿಂದ ಹುಡುಕಿದಾಗ ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟ್ ಖರ್ಚು ಮಾಡುತ್ತಿದ್ದುದು ನೈಟ್ರೊಸ್ಪೈರಾ ಎಂದು ತಿಳಿಯಿತು. ಅಮೋನಿಯಾ ತಿನ್ನುವ ಆರ್ಕಿಯಾ ಎಂಬ ಬೇರೆಯೇ ಜೀವಿವರ್ಗದ ಸದಸ್ಯವೊಂದನ್ನು 2005ರಲ್ಲಿ ಮೊದಲ ಬಾರಿಗೆ ಬೇರ್ಪಡಿಸಿದ್ದು ಸಿಯಾಟಲ್ ನಗರದ ಸಮುದ್ರಜಲದ ಅಕ್ವೇರಿಯಂನಿಂದ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಬಹುತೇಕ ಸಿಹಿನೀರಿನ ತೊಟ್ಟಿಗಳ ಫಿಲ್ಟರುಗಳಲ್ಲಿ ಇಂಥ ಆರ್ಕಿಯಾಗಳೇ ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿದ್ದವು. 2015ರಲ್ಲಿ ಎರಡೂ ಹಂತಗಳನ್ನು ಒಂಟಿಯಾಗಿಯೇ ಮುಗಿಸುವ ನೈಟ್ರೊಸ್ಪೈರಾಗಳು ಪತ್ತೆಯಾದವು. ಆ ವರ್ಷದ ಎರಡು ಸಂಶೋಧನೆಗಳಲ್ಲಿ ಒಂದರ ಮಾದರಿ ಮೀನುಸಾಕಣೆ ಘಟಕವೊಂದರ ಫಿಲ್ಟರಿನದು. ಮನೆಯ ಮೂಲೆಯ ಗಾಜಿನ ಪೆಟ್ಟಿಗೆಯ ಸ್ಪಂಜಿನಲ್ಲಿ ವಿಜ್ಞಾನಕ್ಕೆ ಹೊಸದಾದ ಬದುಕು ಇದ್ದಿತೆಂಬುದು ನಿಜಕ್ಕೂ ಹಿಗ್ಗಿನ ಸಂಗತಿ. ತೊಟ್ಟಿಯ ಒಡೆಯನಿಗೆ ಇದರಿಂದ ಸಿಗುವ ಉಪಯೋಗವೂ ಇದೆ. ಈ ಜೀವಿಗಳಿಗೆ ಎರಡು ಗುಣ ಸಮಾನ: ಅವು ಮೇಲ್ಮೈಗಳಿಗೆ ಅಂಟಿಕೊಂಡು ಬದುಕುತ್ತವೆ, ಬಲು ನಿಧಾನವಾಗಿ ಬೆಳೆಯುತ್ತವೆ. ಇ. ಕೊಲೈ ಬ್ಯಾಕ್ಟೀರಿಯಾ ಒಳ್ಳೆಯ ಆಹಾರದಲ್ಲಿ 20 ನಿಮಿಷಕ್ಕೆ ಇಮ್ಮಡಿಯಾದರೆ ಇವಕ್ಕೆ ಬಹಳಷ್ಟು ಗಂಟೆಗಳು, ಎಷ್ಟೋ ಸಲ ಒಂದು ದಿನ ಅಥವಾ ಇನ್ನೂ ಹೆಚ್ಚು ಬೇಕು. ನಾಲ್ಕರಿಂದ ಆರು ವಾರಗಳ ಲೆಕ್ಕ ಬಂದಿದ್ದು ಇಲ್ಲಿಂದ. ಮೊದಲ ಗುಂಪು ಬೆಳೆದು ನೈಟ್ರೈಟ್ ತಯಾರಿಸುವ ತನಕ ಎರಡನೆಯ ಗುಂಪಿಗೆ ಊಟವಿಲ್ಲ, ಹಾಗಾಗಿ ಅಮೋನಿಯಾ ಇಳಿಯುವ ಹೊತ್ತಿಗೆ ನೈಟ್ರೈಟ್ ಏರುತ್ತದೆ. ಅಮೋನಿಯಾ ಸೊನ್ನೆಗೆ ಬಂತೆಂದು ಸಂಭ್ರಮಿಸುವ ದಿನ ಸಾಮಾನ್ಯವಾಗಿ ಅರ್ಧ ದಾರಿಯ ದಿನ.

ಇಷ್ಟು ತಿಳಿದ ಮೇಲೆ ಅತ್ಯುತ್ತಮ ಉಪಾಯ ಸ್ಪಷ್ಟವಾಗುತ್ತದೆ: ಮೀನು ತರುವ ಮೊದಲೇ ಈ ಜೀವಿಗಳನ್ನು ಸಾಕುವುದು. ಹವ್ಯಾಸಿಗಳು ಟ್ಯಾಂಕ್ ಸೈಕಲ್ ಮಾಡುವುದು ಎನ್ನುವುದು ಇದಕ್ಕೇ. ಫಿಲ್ಟರ್ ಮತ್ತು ಏರ್ ಪಂಪ್ ಓಡಿಸಿ, ಖಾಲಿ ತೊಟ್ಟಿಗೆ ಅಮೋನಿಯಾವನ್ನು ಕೈಯಾರೆ ಉಣಿಸಬೇಕು. ಶುದ್ಧ ಅಮೋನಿಯಂ ಕ್ಲೋರೈಡ್ ಇದಕ್ಕೆ ಅನುಕೂಲ. ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ವಸ್ತು, ಆದರೆ ಕಲಾಯಿಯ ನವಸಾಗರ ಶುದ್ಧವಾಗಿರಬೇಕೆಂದಿಲ್ಲ, ಪ್ರಯೋಗಾಲಯಕ್ಕೆ ಮಾರುವುದನ್ನು ತರುವುದು ಕ್ಷೇಮ. ಅದರ ತೂಕದಲ್ಲಿ ಶೇ. 26 ನೈಟ್ರೋಜನ್. 50 ಲೀಟರ್ ನೀರಿಗೆ ಸುಮಾರು 380 ಮಿಲಿಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್ ಆಗುತ್ತದೆ. ಅದು ಇಳಿದಂತೆಲ್ಲ ಮತ್ತೆ ಹಾಕುತ್ತ ಹೋಗಬೇಕು. ಹಾಕಿದ 2 ಮಿಲಿಗ್ರಾಂ ಒಂದೇ ದಿನದಲ್ಲಿ ಕರಗಿ, ಮಾರನೆಯ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದರೆ ಆ ತೊಟ್ಟಿ ದಿನಕ್ಕೆ 100 ಮಿಲಿಗ್ರಾಂ ನೈಟ್ರೋಜನ್ ಖರ್ಚು ಮಾಡಬಲ್ಲದು ಎಂದರ್ಥ. ಮೇಲಿನ ಸೂತ್ರದಂತೆ ಎರಡೂವರೆ ಗ್ರಾಂ ಆಹಾರದ ಹೊರೆ ಅದಕ್ಕೆ ಭಾರವಾಗದು. ಆಗ ಬಹುಪಾಲು ನೀರನ್ನು ಬದಲಿಸಿ, ಕೂಡಿದ ನೈಟ್ರೇಟನ್ನು ತೆಗೆದು ಮೀನು ಬಿಡಬಹುದು. ಕಾಯುವ ವಾರಗಳನ್ನು ತಗ್ಗಿಸಲು ಹಾಲಿಗೆ ಹೆಪ್ಪು ಹಾಕುವ ವಿದ್ಯೆಯೇ ಇಲ್ಲಿಯೂ ಸಾಕು: ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ಸ್ಪಂಜನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿನಲ್ಲಿ ಇಟ್ಟರೆ ಅದೇ ಹೆಪ್ಪು. ಹಾಲು ರಾತ್ರಿ ಬೆಳಗಾಗುವುದರೊಳಗೆ ಹೆಪ್ಪಾದಂತೆ ಇದು ಆಗುವುದಿಲ್ಲ. ಆದರೂ ಒಂದೆರಡು ಜೀವಕೋಶಗಳಿಂದ ಶುರುವಾಗಬೇಕಿದ್ದ ಇಮ್ಮಡಿಸುವಿಕೆ ಕೋಟಿಗಳಿಂದ ಶುರುವಾಗುತ್ತದೆ. ಹಳೆಯ ತೊಟ್ಟಿಯ ನೀರನ್ನು ತಂದು ಸುರಿಯುವುದರಿಂದ ಹೆಚ್ಚಿನ ಲಾಭವಿಲ್ಲ, ಜೀವಿಗಳಿರುವುದು ಸ್ಪಂಜಿನಲ್ಲಿ. ಅಂಗಡಿಯಲ್ಲಿ ಸಿಗುವ ಬಾಟಲಿ ಬ್ಯಾಕ್ಟೀರಿಯಾಗಳ ಬಗ್ಗೆಯೂ ಇದೇ ತರ್ಕ ಹೂಡಬಹುದು. ನೈಟ್ರೈಟ್-ಅಮೋನಿಯಾ ತಿನ್ನುವ ಈ ಜೀವಿಗಳು ಬೀಜಕಣ ಕಟ್ಟುವುದಿಲ್ಲ, ಆದ್ದರಿಂದ ವರ್ಷಗಟ್ಟಲೆ ಕೆಡದ ಒಣ ಪುಡಿಯಲ್ಲಿ ಅವು ಬದುಕಿವೆ ಎಂಬ ಮಾತನ್ನು ಅನುಮಾನದಿಂದಲೇ ನೋಡಬೇಕು. ಸರಿಯಾದ ಜೀವಿಗಳನ್ನು ತಂಪಾಗಿ ಕಾಪಾಡಿ ತಂದ ದ್ರವಗಳು ನೆರವಾಗಬಲ್ಲವು. ಹಾಕಿದ ಮೇಲೆ ಪರೀಕ್ಷೆಯ ಅಂಕಿ ಇಳಿದರೆ ಅದು ಕೆಲಸ ಮಾಡಿದೆ, ಇಳಿಯದಿದ್ದರೆ ಇಲ್ಲ. ಬಾಟಲಿಯ ಮೇಲಿನ ಬರಹ ಸಾಕ್ಷಿಯಾಗುವುದಿಲ್ಲ.

ಬಹುಪಾಲು ಜನರಿಗೆ ಈ ವಿಷಯ ತಿಳಿಯುವ ಹೊತ್ತಿಗೆ ಮೀನುಗಳು ತೊಟ್ಟಿಯಲ್ಲಿ ಬಾಯಿ ಬಡಿಯುತ್ತಿರುತ್ತವೆ. ಆಗ ಮಾಡಬೇಕಾದ ಮೊದಲ ಕೆಲಸ ಆಹಾರ ನಿಲ್ಲಿಸುವುದು. ಬೆಳೆದ ಮೀನುಗಳು ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗದು, ಜಮೆ ಮಾತ್ರ ತಟ್ಟನೆ ತಗ್ಗುತ್ತದೆ. ಎರಡನೆಯದು ನೀರು ಬದಲಿಸುವುದು, ಮೂರನೆಯದು ಗಾಳಿ ಹೆಚ್ಚಿಸುವುದು. ನೀರು ಬದಲಿಸಬಾರದು, ಬದಲಿಸಿದರೆ ಬ್ಯಾಕ್ಟೀರಿಯಾ ಹೋಗಿ ಸೈಕಲ್ ತಡವಾಗುತ್ತದೆ ಎಂಬ ಆಕ್ಷೇಪ ಬಹಳ ಪ್ರಚಲಿತ. ಮೀನುಗಳನ್ನು ಅಕ್ಷರಶಃ ಕೊಲ್ಲುವ ಸಲಹೆ ಇದು. ಜೀವಿಗಳು ಅಂಟಿಕೊಂಡಿರುವುದು ಫಿಲ್ಟರ್, ಕಲ್ಲು, ಗಾಜುಗಳ ಮೇಲೆ. ನೀರಿನ ಜೊತೆ ಹೋಗುವ ಪಾಲು ಅಲ್ಪ. ಅಮೋನಿಯಾ ತಗ್ಗಿದರೆ ಅವು ಉಪವಾಸ ಬೀಳುತ್ತವೆ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಮೀನು ಇರುವ ತೊಟ್ಟಿಯಲ್ಲಿ ಅಮೋನಿಯಾ ಪ್ರತಿ ನಿಮಿಷವೂ ಹುಟ್ಟುತ್ತಿರುವುದರಿಂದ ಅವಕ್ಕೆ ಊಟ ತಪ್ಪುವುದಿಲ್ಲ. ಎಷ್ಟು ಬದಲಿಸಬೇಕೆಂಬುದಕ್ಕೂ ಲೆಕ್ಕವಿದೆ. ದಿನಕ್ಕೆ 0.4 ಮಿಲಿಗ್ರಾಂ ಏರುವ ತೊಟ್ಟಿಯಲ್ಲಿ ದಿನವೂ ಅರ್ಧ ನೀರು ಬದಲಿಸಿದರೆ ಅಂಕಿ ಕೊನೆಗೆ 0.8ರ ಆಚೆ ಹೋಗುವುದಿಲ್ಲ; ಕಾಲು ಭಾಗ ಬದಲಿಸಿದರೆ 1.6ರವರೆಗೆ ಹೋಗುತ್ತದೆ. ವಾರಕ್ಕೊಮ್ಮೆ ಮುಕ್ಕಾಲು ಬಕೆಟ್ ತೆಗೆದು ಹಾಕುವುದು ಸಮಾಧಾನಕ್ಕೆ ಮಾತ್ರ. ಹೊಸ ನೀರಿನ ಗುಣವನ್ನೂ ನೋಡಬೇಕು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಬೆಂಗಳೂರಿಗೆ ಬರುವ ಕಾವೇರಿ ನೀರಿನಂಥ ನಗರದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವೇ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಬೇಕೆನ್ನುತ್ತದೆ. ಮನುಷ್ಯನನ್ನು ಕಾಯುವ ಆ ಕ್ಲೋರಿನ್ ಕಿವಿರನ್ನೂ ಫಿಲ್ಟರಿನ ಜೀವಿಗಳನ್ನೂ ಸುಡುತ್ತದೆ. ಒಂದು ದಿನ ತೆರೆದ ಬಕೆಟ್ಟಿನಲ್ಲಿ ಗಾಳಿಯಾಡಿಸಿ ಇಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಕ್ಷಣದಲ್ಲಿ ಅದನ್ನು ತಟಸ್ಥಗೊಳಿಸುತ್ತದೆ.

ಅಮೋನಿಯಾವನ್ನು ಕಟ್ಟಿಹಾಕುವ ದ್ರವಗಳು ಮೂರನೆಯ ಪ್ರಶ್ನೆಗೆ ಹೌದು ಎನ್ನುವ ಮದ್ದುಗಳು. ಅವು ಅಮೋನಿಯಾವನ್ನು ಅಪಾಯವಿಲ್ಲದ ಸಂಯುಕ್ತವನ್ನಾಗಿಸಿ ಮೀನಿಗೆ ಉಸಿರು ಕೊಡುತ್ತವೆ. ಜಮೆ ಹಾಗೇ ಇರುವುದರಿಂದ ಅವನ್ನೇ ನಂಬಿ ಕೂರುವಂತಿಲ್ಲ. ಇಂಥ ದ್ರವ ಹಾಕಿದ ಮೇಲೆ ನೆಸ್ಲರ್ ವಿಧಾನದ ಕಿಟ್‌ಗಳು ಸುಳ್ಳು ಅಂಕಿ ತೋರಿಸುತ್ತವೆ. ಹಸಿರು ಬಣ್ಣ ಬರುವ ಸ್ಯಾಲಿಸಿಲೇಟ್ ಕಿಟ್‌ಗಳು ಕಟ್ಟಿಹಾಕಿದ ಅಮೋನಿಯಾವನ್ನೂ ಸೇರಿಸಿ ತೋರಿಸುತ್ತವೆ. ಅಂಕಿ ಇಳಿಯಲಿಲ್ಲವೆಂದು ಗಾಬರಿಯಾಗಿ ಮತ್ತೆ ಮತ್ತೆ ಸುರಿಯುವ ತಪ್ಪು ಹೀಗೆ ಆಗುತ್ತದೆ. ಝಿಯೊಲೈಟ್ ಎಂಬ ಖನಿಜ ಅಮೋನಿಯಂ ಅನ್ನು ನಿಜವಾಗಿಯೂ ಹೀರುತ್ತದೆ, ಇದ್ದಿಲು ಆ ಕೆಲಸ ಮಾಡಲಾರದು. ಆದರೆ ಝಿಯೊಲೈಟ್ ಇರುವ ತೊಟ್ಟಿಗೆ ಉಪ್ಪು ಹಾಕಿದರೆ ಉಪ್ಪಿನ ಸೋಡಿಯಂ ಒಳಸೇರಿ, ಹೀರಿದ್ದ ಅಮೋನಿಯಂ ನೀರಿಗೆ ಮರಳುತ್ತದೆ. ಇದನ್ನು ನೆನಪಿಡಲೇಬೇಕು, ಏಕೆಂದರೆ ಮುಂದಿನ ಹಂತದಲ್ಲಿ ಉಪ್ಪು ಒಳ್ಳೆಯ ಮದ್ದು. ನೈಟ್ರೈಟ್ ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಕಂದು ರೂಪಕ್ಕೆ ತಿರುಗಿಸುತ್ತದೆ. ಅದು ಕಿವಿರಿನಲ್ಲಿ ಒಳಸೇರುವುದು ಕ್ಲೋರೈಡ್ ಸೇರುವ ಬಾಗಿಲಿನಿಂದಲೇ. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ನೈಟ್ರೈಟ್‌ಗೆ ಒಳಗೆ ಜಾಗ ಸಿಗುವುದಿಲ್ಲ. 10 ಲೀಟರಿಗೆ 1 ಗ್ರಾಂ ಅಡುಗೆ ಉಪ್ಪು ಲೀಟರಿಗೆ 60 ಮಿಲಿಗ್ರಾಮಿನಷ್ಟು ಕ್ಲೋರೈಡ್ ಕೊಡುತ್ತದೆ. ಅಗ್ಗದ ಉಪ್ಪು ಮಾಡುವ ಈ ಉಪಕಾರವನ್ನು ದುಬಾರಿ ಬಾಟಲಿಗಳು ಮಾಡಲಾರವು.

ಮೆದು ನೀರಿನವರು ಗಮನಿಸಬೇಕಾದ ಸಂಗತಿ ಬೇರೆ. 1 ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್ ನೈಟ್ರೇಟ್ ಆಗುವಾಗ ಸುಮಾರು 4.6 ಮಿಲಿಗ್ರಾಂ ಆಮ್ಲಜನಕವನ್ನೂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.1 ಮಿಲಿಗ್ರಾಂ ಕ್ಷಾರೀಯತೆಯನ್ನೂ ತಿನ್ನುತ್ತದೆ. ದಿನಕ್ಕೆ 1 ಗ್ರಾಂ ಆಹಾರ ಬೀಳುವ 50 ಲೀಟರಿನ ತೊಟ್ಟಿಯಲ್ಲಿ ಕ್ಷಾರೀಯತೆಯ ಈ ನಷ್ಟ ದಿನಕ್ಕೆ ಲೀಟರಿಗೆ 5 ಮಿಲಿಗ್ರಾಂ ಮೇಲಾಗುತ್ತದೆ. ಕ್ಷಾರೀಯತೆ 250 ಇರುವ ಗಡಸು ನೀರು ಒಂದೂವರೆ ತಿಂಗಳು ತಡೆದೀತು. 20 ಇರುವ ಬಾವಿನೀರು ನಾಲ್ಕೇ ದಿನದಲ್ಲಿ ಬರಿದಾಗುತ್ತದೆ. ಆಮೇಲೆ ಪಿಎಚ್ 6ರ ಕಡೆಗೆ ಜಾರುತ್ತದೆ, ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, ಅಮೋನಿಯಾ ಅಷ್ಟು ವಿಷಕಾರಿಯಲ್ಲದ ಅಮೋನಿಯಂ ರೂಪದಲ್ಲಿ ಸದ್ದಿಲ್ಲದೆ ಕೂಡುತ್ತ ಹೋಗುತ್ತದೆ. ಇಂಥ ತೊಟ್ಟಿಗೆ ಒಮ್ಮೆಲೇ ಪಿಎಚ್ 8ರ ನೀರನ್ನು ಸುರಿದರೆ, ಅಥವಾ ಅವಸರದಲ್ಲಿ ಅಡುಗೆ ಸೋಡಾ ಹಾಕಿದರೆ, ಕೂಡಿದ್ದರಲ್ಲಿ ವಿಷರೂಪದ ಪಾಲು ಕ್ಷಣದಲ್ಲಿ ಹಲವು ಪಟ್ಟು ಏರುತ್ತದೆ. ನೀರು ಬದಲಿಸಿದ್ದಕ್ಕೇ ಮೀನು ಸತ್ತವು ಎಂಬ ದೂರಿನ ಹಿಂದೆ ಇದು ಇರಬಹುದು. ಅಲ್ಲಿ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಬದಲಿಸಬೇಕು. ಮುಂಜಾಗ್ರತೆಯಾಗಿ ಫಿಲ್ಟರಿನಲ್ಲಿ ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಇಟ್ಟರೆ ಅವು ಬೇಕಾದಷ್ಟೇ ಕರಗುತ್ತ ಕ್ಷಾರೀಯತೆಯನ್ನು ಕಾಯುತ್ತವೆ.

ಗಂಭೀರವಾಗಿ ಉತ್ತರಿಸಬೇಕಾದ ಆಕ್ಷೇಪ ಇನ್ನೊಂದಿದೆ. ಹಿಂದೆ ಫಿಲ್ಟರ್, ಕಿಟ್ ಏನೂ ಇಲ್ಲದೆ ಗಾಜಿನ ಬೋಗುಣಿಯಲ್ಲಿ ಮೀನು ಸಾಕುತ್ತಿದ್ದರು, ವಾರಕ್ಕೆ ಒಂದೆರಡು ಸಲ ನೀರೆಲ್ಲ ಚೆಲ್ಲಿ ಹೊಸದು ತುಂಬುತ್ತಿದ್ದರು, ಮೀನುಗಳು ಬದುಕುತ್ತಿದ್ದವಲ್ಲ ಎಂಬುದು. ಬದುಕಿದ್ದು ನಿಜವಿರಬಹುದು, ಆದರೆ ಅದು ಈ ವಾದವನ್ನು ಅಲ್ಲಗಳೆಯುವುದಿಲ್ಲ. ಎಲ್ಲ ನೀರನ್ನೂ ಚೆಲ್ಲಿದಾಗ ಜಮೆಯೆಲ್ಲ ಚೆಲ್ಲಿಹೋಗುತ್ತಿತ್ತು. ಒಂದೆರಡು ಮೀನು, ಅಲ್ಪ ಆಹಾರ, ಕ್ಲೋರಿನ್ ಇಲ್ಲದ ಬಾವಿನೀರು ಇದ್ದಾಗ ಆ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಮೀನು ಹೆಚ್ಚಿಸಿ, ಆಹಾರ ಹೆಚ್ಚಿಸಿ, ನಲ್ಲಿನೀರಿಗೆ ಬಂದರೆ ಅದೇ ಪದ್ಧತಿ ಕುಸಿಯುತ್ತದೆ. ಗೋಲ್ಡ್‌ಫಿಶ್ ಚೆನ್ನಾಗಿ ಸಾಕಿದರೆ ಹತ್ತು ವರ್ಷ ದಾಟಿ ಬಾಳುವ ಮೀನು ಎಂಬುದನ್ನು ನೆನೆದರೆ, ಬೋಗುಣಿಯಲ್ಲಿ ಕೆಲವು ತಿಂಗಳು ಉಳಿದದ್ದನ್ನು ಬದುಕು ಎಂದು ಕರೆಯಲು ಮನಸ್ಸು ಬರುವುದಿಲ್ಲ. ಗಿಡಗಳಿದ್ದರೆ ಸಾಕು ಎನ್ನುವವರ ಪಕ್ಷ ಇದಕ್ಕಿಂತ ಬಲವಾದದ್ದು. ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಜಲಸಸ್ಯಗಳು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಮೊದಲು ಹೀರುತ್ತವೆ ಎಂದು ಪುರಾವೆಗಳೊಂದಿಗೆ ವಾದಿಸಿದರು. ಹೈಡ್ರಿಲ್ಲಾದಂಥ ಬೇಗ ಬೆಳೆಯುವ ಗಿಡಗಳನ್ನು ಒತ್ತಾಗಿ ನೆಟ್ಟು, ಒಳ್ಳೆಯ ಬೆಳಕು ಕೊಟ್ಟರೆ ಖರ್ಚಿನ ಬದಿ ನಿಜಕ್ಕೂ ಬಲಗೊಳ್ಳುತ್ತದೆ. ಆದರೆ ಆಗತಾನೆ ನೆಟ್ಟ ಗಿಡ ಮೊದಲ ವಾರಗಳಲ್ಲಿ ಹಳೆಯ ಎಲೆ ಕಳಚುತ್ತದೆ, ಕೊಳೆಯುವ ಎಲೆ ತಾನೇ ಅಮೋನಿಯಾ ಬಿಡುತ್ತದೆ. ಹೊಸ ಚಿಗುರು ಕಂಡ ಗಿಡವನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಕು.

ಕಟ್ಟಿದ ಮೇಲೆ ಉಳಿಸಿಕೊಳ್ಳುವುದೂ ಕೆಲಸವೇ. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಬಿಳುಪಾಗುವಂತೆ ತೊಳೆದರೆ ಆರು ವಾರದ ಬೆಳೆ ಐದು ನಿಮಿಷದಲ್ಲಿ ನಾಶವಾಗಬಹುದು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು. ಗಂಟೆಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಮುಚ್ಚಿದ ಡಬ್ಬಿಯ ಫಿಲ್ಟರುಗಳೊಳಗಿನ ಆಮ್ಲಜನಕ ತೀರಿ ಜೀವಿಗಳು ಸಾಯಬಹುದು. ಅಲ್ಲಿ ತೊಟ್ಟಿಯೊಳಗೇ ಇರುವ ಸ್ಪಂಜ್ ಫಿಲ್ಟರ್, ಬ್ಯಾಟರಿಯ ಏರ್ ಪಂಪ್ ಹೆಚ್ಚು ನಂಬಿಕಸ್ತ. ಮೀನುಗಳನ್ನು ಒಟ್ಟಿಗೆ ತಂದು ಬಿಡುವುದೂ ಬೇಡ, ಏಕೆಂದರೆ ಜೀವಿಗಳ ಸಂಖ್ಯೆ ಅಂದಿನ ಊಟಕ್ಕೆ ತಕ್ಕಷ್ಟೇ ಇರುತ್ತದೆ. ಹೊಸ ಮೀನು ಬಂದ ಪ್ರತಿ ಸಲವೂ ಒಂದು ವಾರ ಪರೀಕ್ಷೆ ಮುಂದುವರಿಸಬೇಕು.

ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುವ ಪದ್ಧತಿ ನಿಲ್ಲಬೇಕು. ಅಂಗಡಿಯವರು ಮನಸ್ಸು ಮಾಡಿದರೆ ಅದು ನಾಳೆಯೇ ನಿಲ್ಲಬಹುದು. ಕೊಳ್ಳುವವರಿಗೂ ಒಂದು ಮಾತು: ಮೊದಲ ದಿನ ತೊಟ್ಟಿ, ಫಿಲ್ಟರ್, ಪರೀಕ್ಷಾ ಕಿಟ್ ತನ್ನಿ, ಸಾಧ್ಯವಾದರೆ ಅದೇ ಅಂಗಡಿಯ ಹಳೆಯ ಫಿಲ್ಟರಿನಿಂದ ಅಂಗೈಯಗಲ ಒದ್ದೆ ಸ್ಪಂಜು ಕೇಳಿ ಪಡೆಯಿರಿ. ಮೀನನ್ನು, ಉಣಿಸಿದ ಅಮೋನಿಯಾ ಒಂದೇ ದಿನದಲ್ಲಿ ಕರಗಿ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಕಂಡ ಮೇಲೆ ತನ್ನಿ.